ಟ್ರ್ಯಾಕ್ಟರಿಗೆ 600 ವಾಟ್ ಬೋರ್ಡ್ ಕೇಳಿದ ಅಣ್ಣನವರಿಗೆ

ಕಾರಟಗಿಯ ಅಣ್ಣನವರೇ, ಟ್ರ್ಯಾಕ್ಟರಿನಲ್ಲಿ ಹಾಡು ಹಾಕಲು ಕೊಳ್ಳಬೇಕೆಂದಿರುವ ಆಂಪ್ಲಿಫೈಯರ್ ಬೋರ್ಡಿನ (ಸ್ಪೀಕರಿಗೆ ಸದ್ದು ಹೆಚ್ಚಿಸಿ ಕೊಡುವ ಬೋರ್ಡ್) ಬಗ್ಗೆ ನೀವು ಹಾಕಿದ ಫೋಟೊ, ಮಾರಾಟದ ವಿವರ ಎರಡನ್ನೂ ನೋಡಿದೆ. ‘600 ವಾಟ್, 12 ವೋಲ್ಟ್, ಜ್ವರ ದರ್ಜೆಯ ಹಿಂಭಾಗದ ಹಂತ, ಮುಗಿದ ಹಲಗೆ, ಉಂಗುರ ಹಸು ಸೇರಿಲ್ಲ’ ಎಂಬುದನ್ನು ಓದಿ ಎಲ್ಲರೂ ನಕ್ಕಿದ್ದಾರೆ. ಆದರೆ ಟ್ರ್ಯಾಕ್ಟರ್ ಬ್ಯಾಟರಿಗೆ ಇದನ್ನು ಹಚ್ಚಬಹುದೇ ಎಂದು ನೀವು ಕೇಳಿದ್ದಕ್ಕೆ ಉತ್ತರ ಆ ಹಸುವಿನಲ್ಲೇ ಇದೆ. ಹಚ್ಚಬೇಡಿ, ಅದು 12 ವೋಲ್ಟಿನ ಬೋರ್ಡೇ ಅಲ್ಲ.

ಚೀನಾದಲ್ಲಿ ಆಂಪ್ಲಿಫೈಯರ್ ಕಟ್ಟುವವರು ಟ್ರಾನ್ಸ್‌ಫಾರ್ಮರನ್ನು ದನ ಎಂದೇ ಕರೆಯುತ್ತಾರೆ. ಉಂಗುರ ಹಸು ಎಂದರೆ ಉಂಗುರದಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್. ಅದು ಸೇರಿಲ್ಲ ಎಂದರೆ ಬೋರ್ಡಿಗೆ ಅದು ಬೇಕು, ನೀವೇ ತಂದುಕೊಳ್ಳಬೇಕು ಎಂದರ್ಥ. ಫೋಟೊವನ್ನು ದೊಡ್ಡದು ಮಾಡಿ ನೋಡಿ: ಎಡ ಮೂಲೆಯಲ್ಲಿ ಮೂರು ಸ್ಕ್ರೂಗಳ ಕನೆಕ್ಟರ್ ಇದೆ, ಕೆಳಗೆ ಎಸಿ, ಸೊನ್ನೆ, ಎಸಿ ಎಂದು ಅಚ್ಚಾಗಿದೆ, ಪಕ್ಕದಲ್ಲಿ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್, ಎರಡು ದಪ್ಪ ಕೆಪಾಸಿಟರ್‌ಗಳು. ಮನೆಯ ಕರೆಂಟನ್ನು ಟ್ರಾನ್ಸ್‌ಫಾರ್ಮರಿನಿಂದ ಇಳಿಸಿ ಡಬಲ್ ಸಪ್ಲೈ (ಸೊನ್ನೆಯ ಆಚೀಚೆ ಪ್ಲಸ್, ಮೈನಸ್ ಎರಡೂ) ಮಾಡಿಕೊಂಡು ನಡೆಯುವ ಬೋರ್ಡ್ ಅದು. ಬ್ಯಾಟರಿಯ ಎರಡು ತಂತಿಗಳಿಗೆ ಅಲ್ಲಿ ಕೆಲಸವಿಲ್ಲ.

ಹಾಗಾದರೆ 12 ವೋಲ್ಟ್ ಎಲ್ಲಿಂದ ಬಂತು? 2020ರ ನವೆಂಬರಿನಲ್ಲಿ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ ನಮ್ಮ ದೇಶದಲ್ಲಿ ನಿಷೇಧವಾಯಿತು. ಈಗ ಇಂಥ ಮಾಲು ಇಲ್ಲಿನ ಆಮದುದಾರರ ಕೈದಾಟಿ ಬರುತ್ತದೆ. ಚೀನೀ ಭಾಷೆಯ ಹಳೆಯ ವಿವರವನ್ನು ಯಂತ್ರದ ಅನುವಾದಕ್ಕೆ ಕೊಟ್ಟು, ತಲೆಬರಹದಲ್ಲಿ ಮಾತ್ರ ಹೆಚ್ಚು ಜನ ಹುಡುಕುವ ಅಂಕಿಗಳನ್ನು ಸೇರಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಈ ವಿವರದಲ್ಲಿ ನಂಬಬಹುದಾದದ್ದು ನಗು ತರಿಸುವ ಭಾಗವೇ. ‘ಹಿಂಭಾಗದ ಹಂತ’ ಎಂದರೆ ಬರೀ ಪವರ್ ಆಂಪ್ಲಿಫೈಯರ್, ಬಾಸ್, ಟ್ರೆಬಲ್ ತಿರುಗಣೆಗಳು ಬೇರೆ ಬೋರ್ಡಿನಲ್ಲಿ. ‘ಮುಗಿದ ಹಲಗೆ’ ಎಂದರೆ ಬೆಸುಗೆ ಹಾಕಿ ಸಿದ್ಧವಾದದ್ದು. ‘ಖಾಲಿ ಹಲಗೆ’ ಎಂದಿದ್ದರೆ ಬಿಡಿಭಾಗಗಳಿಲ್ಲದ ಬರೀ ಪಿಸಿಬಿ ಬರುತ್ತದೆ, ಆಮೇಲೆ ಮಾರಿದವನನ್ನು ಬೈದು ಉಪಯೋಗವಿಲ್ಲ. ‘ಕಿತ್ತ ಯಂತ್ರ’ ಎಂದು ಕಂಡರೆ ಹಳೆಯ ಸಾಮಾನಿನಿಂದ ಬಿಚ್ಚಿದ ಭಾಗ. ‘ಜ್ವರ’ ಎಂದರೆ ಆಡಿಯೊ ಹುಚ್ಚು, ಅದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಇನ್ನು ವಾಟ್. ಎಂಜಿನ್ ಓಡುವಾಗ ಟ್ರ್ಯಾಕ್ಟರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಸ್ಪೀಕರಿನ ಎರಡೂ ತಂತಿಗಳನ್ನು ದುಡಿಸುವ ಬ್ರಿಡ್ಜ್ ಬೋರ್ಡ್ ಆದರೆ ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನ (ಅದರ ತಡೆಯ ಅಳತೆ) ಎರಡರಷ್ಟರಿಂದ ಭಾಗಿಸಿ. 14ನ್ನು 14ರಿಂದ ಗುಣಿಸಿದರೆ 196, ನಾಲ್ಕು ಓಮ್ ಸ್ಪೀಕರಿಗೆ ಅದನ್ನು ಎಂಟರಿಂದ ಭಾಗಿಸಿದರೆ 24.5 ವಾಟ್. ಒಂದು ಚಾನೆಲ್‌ಗೆ, ಅಂದರೆ ಬೋರ್ಡಿನ ಒಂದು ಸ್ಪೀಕರ್ ಜಾಗಕ್ಕೆ, ಶುದ್ಧವಾಗಿ ಸಿಗುವ ಮಿತಿ ಅಷ್ಟೇ, ಬೋರ್ಡಿನ ಮುಖ್ಯ ಚಿಪ್ ಆದ ಐಸಿಯೊಳಗಿನ ನಷ್ಟ ಕಳೆದರೆ ಇನ್ನೂ ಕಡಿಮೆ. ನಿಜವಾಗಿ 600 ವಾಟ್ ಬೇಕಾದರೆ ಬ್ಯಾಟರಿಯಿಂದ 40 ಆಂಪಿಯರಿಗೂ ಹೆಚ್ಚು ಎಳೆಯಬೇಕು, ಬೋರ್ಡಿನೊಳಗೆ ವೋಲ್ಟೇಜ್ ಏರಿಸುವ ವ್ಯವಸ್ಥೆಯೂ ಬೇಕು. ಏಳುನೂರು ರೂಪಾಯಿಗೆ ಅದು ಆಗದ ಮಾತು.

ಆದ್ದರಿಂದ ಹುಡುಕುವಾಗ ವಾಟ್ ಬಿಟ್ಟು ಐಸಿಯ ನಂಬರ್ ಹಾಕಿ. ನಿಮ್ಮ ಕೆಲಸಕ್ಕೆ ನಾನು ಹೇಳುವುದು ಟಿಡಿಎ7388. ಕಾರಿನ ಸ್ಟೀರಿಯೊಗೆಂದೇ ಮಾಡಿದ ನಾಲ್ಕು ಚಾನೆಲ್ಲಿನ ಐಸಿ. ಹೆಸರಿಗೆ ಚಾನೆಲ್ಲಿಗೆ 41 ವಾಟ್, ತಯಾರಕರ ವಿವರಪಟ್ಟಿಯಾದ ಡಾಟಾಶೀಟಿನಲ್ಲಿ 14.4 ವೋಲ್ಟಿಗೆ ನಾಲ್ಕು ಓಮಿನಲ್ಲಿ 26, ಅದೂ ಶೇ 10ರಷ್ಟು ಒಡಕು ದನಿಯೊಂದಿಗೆ. ಚಾರ್ಜ್ ಆಗುವಾಗ ಬ್ಯಾಟರಿಯ ಕ್ಲ್ಯಾಂಪ್ ಸಡಿಲವಾದರೆ ವೋಲ್ಟೇಜ್ ಥಟ್ಟನೆ ಜಿಗಿಯುತ್ತದೆ, ಅದನ್ನು ತಡೆಯುವ ರಕ್ಷಣೆ ಇದರಲ್ಲಿದೆ. ಟಿಪಿಎ3116 ಕೂಡ ಒಳ್ಳೆಯದು, 26 ವೋಲ್ಟಿನ ತನಕ ತಾಳಿಕೊಳ್ಳುತ್ತದೆ, ಬಿಸಿಯೂ ಕಡಿಮೆ. ಪಿಎಎಂ8610 ಬೇಡ, ಅದರ ಮಿತಿಯೇ 15 ವೋಲ್ಟ್, ಟ್ರ್ಯಾಕ್ಟರಿನ 14ಕ್ಕೆ ತೀರಾ ಹತ್ತಿರ. ಪಿಎಎಂ8403 ಐದು ವೋಲ್ಟಿನ ಕೂಸು, ಬ್ಯಾಟರಿಗೆ ಹಚ್ಚಿದ ಕ್ಷಣವೇ ಹೊಗೆ.

ಜೋಡಿಸುವಾಗ ನಮ್ಮ ಕಡೆ ನಡೆಯುವ ಒಂದು ರೂಢಿಯನ್ನು ಬಿಡಬೇಕು. ಟ್ರ್ಯಾಕ್ಟರಿನಲ್ಲಿ ಎಲ್ಲದಕ್ಕೂ ಬಾಡಿಯೇ ಅರ್ಥ್ ಎಂದು ಸ್ಪೀಕರುಗಳ ಮೈನಸ್ಸನ್ನೂ ಬಾಡಿಗೆ ಸೇರಿಸಿಬಿಡುತ್ತಾರೆ. ಬ್ರಿಡ್ಜ್ ಬೋರ್ಡಿನಲ್ಲಿ ಆ ಮೈನಸ್ಸಿನಲ್ಲೂ ಸಪ್ಲೈಯ ಅರ್ಧ ವೋಲ್ಟೇಜ್ ಇರುತ್ತದೆ. ರಕ್ಷಣೆ ಇರುವ ಐಸಿ ಸುಮ್ಮನಾಗುತ್ತದೆ, ಇಲ್ಲದ್ದು ಸುಡುತ್ತದೆ. ಪ್ರತಿ ಸ್ಪೀಕರಿನ ಎರಡೂ ತಂತಿಗಳನ್ನು ನೇರ ಬೋರ್ಡಿಗೇ ತನ್ನಿ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಹಾಕಿ. ಮೊದಲ ಬಾರಿ ಚಾಲು ಮಾಡುವಾಗ ಪ್ಲಸ್ ತಂತಿಯ ನಡುವೆ ಇಂಡಿಕೇಟರಿನ 21 ವಾಟ್ ಬಲ್ಬ್ ಸೇರಿಸಿ, ಹಾಡು ಹಾಕದೆ ನೋಡಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಬೋರ್ಡ್ ಇನ್ನೂ ಬದುಕಿರುವಾಗಲೇ ಬಿಚ್ಚಿ ಹುಡುಕಿ. ಬ್ಲೂಟೂತ್ ಹಾಕಿದ ಮೇಲೆ ಎಂಜಿನ್ ಜೊತೆ ಏರಿಳಿಯುವ ಕುಯ್ ಸದ್ದು ಬಂದರೆ ಬ್ಲೂಟೂತ್ ಬೋರ್ಡಿನ ಐದು ವೋಲ್ಟಿಗೆ ಬಿ0505ಎಸ್ ಎಂಬ ಪ್ರತ್ಯೇಕಿಸುವ ಮಾಡ್ಯೂಲ್ ಹಾಕಿ.

ಬೋರ್ಡನ್ನು ಬಾನೆಟ್ ಕೆಳಗೆ ಇಡಲೇಬೇಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅದರ ಮೇಲೆ ಎಂಜಿನ್ ಬಿಸಿ. ಭತ್ತದ ಕೊಯ್ಲಿನ ಧೂಳಿಗೆ ಫ್ಯಾನೂ ನಿಲ್ಲುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿಡಿ, ಬಿಸಿ ಹೊರಬಿಡುವ ಲೋಹದ ಹೀಟ್ ಸಿಂಕ್ ಮಾತ್ರ ಹೊರಗಿರಲಿ.

ಎಲ್ಲಿ ಕೊಳ್ಳುವುದು ಎಂದೂ ಕೇಳಿದ್ದಿರಿ. ರಾಯಚೂರು ಕಡೆಯವರು ಹೈದರಾಬಾದಿನ ಕೋಠಿಗೆ ಹೋಗುತ್ತಾರೆ, ಬಳ್ಳಾರಿಯಿಂದ ನಾವು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸುತ್ತೇವೆ. ಅಂಗಡಿಯಲ್ಲಿ ಐಸಿಯ ಮೇಲಿನ ಅಕ್ಷರಗಳನ್ನು ಓದಿಯೇ ಹಣ ಕೊಡಬಹುದು. ಆನ್‌ಲೈನ್ ಆದರೆ ಪಾರ್ಸೆಲ್ ಬಿಚ್ಚುವುದನ್ನು ನಿಲ್ಲಿಸದೆ ವಿಡಿಯೊ ಮಾಡಿ. ಮೊದಲು ನಿಮ್ಮ ಸ್ಪೀಕರ್‌ಗಳ ಮ್ಯಾಗ್ನೆಟ್ ಮೇಲೆ ಎಷ್ಟು ಓಮ್ ಎಂದಿದೆ ನೋಡಿ ತಿಳಿಸಿ. ನಾಲ್ಕು ಓಮಿನ ಎರಡನ್ನು ಒಂದೇ ಚಾನೆಲ್ಲಿಗೆ ಸಮಾನಾಂತರವಾಗಿ ಸೇರಿಸಿದ್ದರೆ ಅದು ಎರಡು ಓಮ್ ಆಗುತ್ತದೆ, 7388ಕ್ಕೆ ಅದು ಆಗುವುದಿಲ್ಲ.