ಅಪ್ಪನ ಹೆಸರಲ್ಲಿ ಬಿದ್ದ ಲೈಕು

ಪ್ರಶ್ನೆ: ತಂದೆ ತೀರಿಕೊಂಡು ಎಂಟು ತಿಂಗಳಾಯಿತು. ಅವರ ಫೇಸ್‌ಬುಕ್ ಖಾತೆ ಹಾಗೇ ಇದೆ. ಅಮ್ಮ ರಾತ್ರಿ ಊಟ ಆದಮೇಲೆ ಅಪ್ಪನ ಮೊಬೈಲಲ್ಲೇ ಅದನ್ನು ತೆಗೆದು ಫೋಟೋ ನೋಡುತ್ತಾ ಕೂರುತ್ತಾರೆ. ಮೊನ್ನೆ ಬೆರಳು ತಾಗಿ ಚಿಕ್ಕಪ್ಪನ ಮಗಳ ಸೀಮಂತದ ಫೋಟೋಗೆ ಅಪ್ಪನ ಹೆಸರಲ್ಲಿ ಲೈಕ್ ಬಿತ್ತು. ಪಾಪ, ಆ ಹುಡುಗಿ ಗಾಬರಿಯಾಗಿ ಫೋನ್ ಮಾಡಿದಳು. ಹುಟ್ಟುಹಬ್ಬದ ದಿನ ಬೇರೆ, ವಿಷಯ ಗೊತ್ತಿಲ್ಲದ ಹಳೇ ಸಹೋದ್ಯೋಗಿಗಳು ‘ನೂರು ವರ್ಷ ಬಾಳಿ’ ಅಂತ ಕೇಕಿನ ಚಿತ್ರ ಹಾಕಿದ್ದರು. ಅಣ್ಣ ಅಳಿಸಿಬಿಡು ಅನ್ನುತ್ತಾನೆ. ಏನು ಮಾಡಲಿ?
– ಓದುಗರು, ತಿಪಟೂರು

ಉತ್ತರ: ಅಳಿಸಬೇಡಿ, ಈಗಲೇ ಅಂತೂ ಬೇಡ. ಅಪ್ಪನ ಕನ್ನಡಕ, ವಾಚು ಎಲ್ಲ ಇನ್ನೂ ಬೀರುವಿನಲ್ಲೇ ಇರಬೇಕು ಅಲ್ವಾ? ಅದನ್ನು ಯಾವಾಗ ತೆಗೆಯಬೇಕು ಅಂತ ಅಮ್ಮ ಹೇಳಲಿ. ಇದೂ ಹಾಗೇ.

ಆದರೆ ಒಂದು ವ್ಯತ್ಯಾಸ ಇದೆ. ಬೀರು ನಿಮ್ಮದು, ಫೇಸ್‌ಬುಕ್ ನಿಮ್ಮದಲ್ಲ. ನಾನು ಆರ್ಕುಟ್ ಕಾಲದವನು, ಅದೂ ಫೇಸ್‌ಬುಕ್ ಥರದ್ದೇ ಒಂದು ತಾಣ. ಗೆಳೆಯರು ಬರೆದ ‘ಸ್ಕ್ರ್ಯಾಪ್’ ಅನ್ನುವ ಪುಟ್ಟ ಸಂದೇಶಗಳು, ಊರಿನ ಹುಡುಗರೆಲ್ಲ ಸೇರಿಕೊಂಡು ರಾತ್ರಿಯೆಲ್ಲ ಜಗಳ ಆಡಿದ ಕಮ್ಯುನಿಟಿ, ಎಲ್ಲ ಅಲ್ಲೇ ಇರುತ್ತೆ ಅಂದುಕೊಂಡು ಸುಮ್ನೆ ಇದ್ದೆ. 2014ರ ಸೆಪ್ಟೆಂಬರ್ 30ಕ್ಕೆ ಅಂಗಡಿ ಮುಚ್ಚಿದರು. ಆ ಸ್ಕ್ರ್ಯಾಪ್ ಬರೆದವರಲ್ಲಿ ಒಬ್ಬ ಈಗಿಲ್ಲ. ಅವನು ಬರೆದದ್ದರಲ್ಲಿ ಒಂದು ಸಾಲೂ ನನ್ನ ಹತ್ತಿರ ಇಲ್ಲ.

ಅದಕ್ಕೇ ಮೊದಲು ಅಪ್ಪ ಹಾಕಿದ ಫೋಟೋಗಳನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿಡಿ, ಒಂದಿಪ್ಪತ್ತು ಪ್ರಿಂಟ್ ಹಾಕಿಸಿ. ಆಮೇಲೆ ಅಮ್ಮನ ಹೆಸರಲ್ಲೇ ಒಂದು ಖಾತೆ ತೆರೆದು, ಅಪ್ಪನಿಗೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿ, ಅಪ್ಪನ ಫೋನಿನಿಂದ ಒಪ್ಪಿಕೊಳ್ಳಿ. ಬೇರೆಯವರ ಖಾತೆಯೊಳಗೆ ಹೋಗಬಾರದು ಅನ್ನುವ ನಿಯಮ ಇದೆ, ಆದರೆ ಅಮ್ಮ ಎಂಟು ತಿಂಗಳಿಂದ ಅಲ್ಲೇ ಇದ್ದಾರಲ್ಲ! ಇಷ್ಟಾದ ಮೇಲೆ ಅದನ್ನು ಸ್ಮರಣೆಯ ಖಾತೆ ಮಾಡಿ ಅಂತ ಫೇಸ್‌ಬುಕ್‌ಗೆ ಅರ್ಜಿ ಹಾಕಿ. ಮರಣ ಪ್ರಮಾಣಪತ್ರದ ಫೋಟೋ ಕೊಟ್ಟರೆ ಸಾಕು. ಅಲ್ಲಿಂದಾಚೆ ಯಾರೂ ಲಾಗಿನ್ ಆಗೋಕಾಗಲ್ಲ, ಹುಟ್ಟುಹಬ್ಬದ ನೆನಪೋಲೆ ಯಾರಿಗೂ ಹೋಗಲ್ಲ, ಫೋಟೋಗಳೇನೋ ಗೆಳೆಯರಿಗೆ ಮೊದಲಿನ ಹಾಗೇ ಕಾಣುತ್ತವೆ. ಚಿಕ್ಕಪ್ಪನ ಮಗಳೂ ನೆಮ್ಮದಿಯಾಗಿರುತ್ತಾಳೆ.

ನೀವು ಕೇಳದ ಇನ್ನೊಂದು ಮಾತು. ಅಪ್ಪನ ಸಿಮ್‌ಗೆ ರೀಚಾರ್ಜ್ ನಿಲ್ಲಿಸಬೇಡಿ, ಬ್ಯಾಂಕಿನ ಕೆಲಸ ಮುಗಿಯುವ ತನಕವಾದರೂ. ಓಟಿಪಿ ಬರೋದು ಅದಕ್ಕೇ. ನಂಬರ್ ಬಂದ್ ಆಗಿ 90 ದಿನ ಕಳೆದರೆ ಕಂಪನಿಯವರು ಅದನ್ನು ಇನ್ಯಾರಿಗೋ ಕೊಡಬಹುದು. ನಮ್ಮ ಮನೆಯಲ್ಲಿ ಹೀಗೇ ಆಯಿತು. ಒಂದು ದಿನ ವಾಟ್ಸಾಪ್ ತೆರೆದರೆ ‘ದೊಡ್ಡಮ್ಮ’ ಅನ್ನುವ ಹೆಸರಿನ ಪಕ್ಕ ಕಪ್ಪು ಕನ್ನಡಕದ ಹುಡುಗನೊಬ್ಬ ಬುಲೆಟ್ ಮೇಲೆ ಕೂತಿದ್ದ. ನಗೋದಾ ಅಳೋದಾ ಗೊತ್ತಾಗಲಿಲ್ಲ.

ಪ್ರಶ್ನೆ: ಮಗ ಹತ್ತನೇ ಕ್ಲಾಸು. ಬಿಜಿಎಂಐ ಅನ್ನುವ ಮೊಬೈಲ್ ಶೂಟಿಂಗ್ ಆಟದಲ್ಲಿ ಸಿಕ್ಕವರನ್ನು ‘ನನ್ನ ಫ್ರೆಂಡ್ಸ್’ ಅನ್ನುತ್ತಾನೆ. ಮುಖ ನೋಡದವರು ಎಂಥ ಸ್ನೇಹಿತರು? ಊಟಕ್ಕೆ ಕರೆದರೆ ಏಳೋದೇ ಇಲ್ಲ.
– ಗೃಹಿಣಿ, ಶಿರಸಿ

ಉತ್ತರ: 2010ರ ಸುಮಾರಿಗೆ ನಾನು ಫಾರ್ಮ್‌ವಿಲ್ ಅನ್ನುವ ಆಟದಲ್ಲಿ ಸ್ಟ್ರಾಬೆರಿ ಬೆಳೆಯುತ್ತಿದ್ದೆ. ನೆಟ್ಟ ನಾಲ್ಕೇ ತಾಸಿಗೆ ಕೊಯ್ಲು, ಹಾಗೇ ಬಿಟ್ಟರೆ ಬಾಡುತ್ತಿತ್ತು. ಅಲಾರಂ ಇಟ್ಟು ರಾತ್ರಿ ಎದ್ದಿದ್ದೇನೆ. ಮನೆಯ ಕುಂಡದಲ್ಲಿದ್ದ ಕರಿಬೇವು ಒಣಗಿದ್ದು ಮಾತ್ರ ಕಾಣಲಿಲ್ಲ. ಹಾಗಾಗಿ ನಿಮ್ಮ ಮಗನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಕಮ್ಮಿ.

ಸ್ನೇಹಿತರು ಹೌದೋ ಅಲ್ಲವೋ ಅನ್ನೋದಕ್ಕಿಂತ ಯಾರು ಅನ್ನೋದು ಮುಖ್ಯ. ಎರಡು ದಿನ ಪಕ್ಕದಲ್ಲಿ ಕೂತು ನೋಡಿ. ವಯಸ್ಸೆಷ್ಟು, ಯಾವ ಊರು, ದುಡ್ಡು ಅಥವಾ ಫೋಟೋ ಕೇಳುತ್ತಾರಾ? ಕೇಳಿದರೆ ಅವತ್ತೇ ಬ್ಲಾಕ್ ಮಾಡಿಸಿ. ಇನ್ನು ಊಟದ ವಿಷಯ. ಆ ಆಟದಲ್ಲಿ ಸಾಮಾನ್ಯವಾಗಿ ನಾಲ್ವರ ಗುಂಪಿರುತ್ತದೆ, ಒಂದು ಪಂದ್ಯ ಅರ್ಧ ಗಂಟೆ ಹಿಡಿಯುತ್ತದೆ, ಮಧ್ಯೆ ತಡೆದು ನಿಲ್ಲಿಸೋಕಾಗಲ್ಲ. ಎದ್ದು ಬಂದರೆ ಉಳಿದ ಮೂವರಿಗೆ ಕೈ ಕೊಟ್ಟ ಹಾಗೆ. ಬಡಿಸಿ ಕರೆದರೆ ಆ ಹುಡುಗ ಎಲ್ಲಿಂದ ಬಂದಾನು? ಸಾರು ಬಿಸಿಗಿಡುವ ಮುಂಚೆಯೇ ಹೇಳಿ, ಹೊಸ ಪಂದ್ಯ ಶುರು ಮಾಡಬೇಡ ಅಂತ.