ಬುಗಿಸ್ ಪೇಟೆಯಲ್ಲಿ ಊರವರ ಊಟ

ಪ್ರಶ್ನೆ: ಮಗಳು ಸಿಂಗಪುರದಲ್ಲಿ ಕೆಲಸಕ್ಕಿದ್ದಾಳೆ. ನಾನೂ ನಮ್ಮ ಯಜಮಾನರೂ ಎರಡು ವಾರದ ಮಟ್ಟಿಗೆ ಅವಳ ಮನೆಗೆ ಹೊರಟಿದ್ದೇವೆ. ಮನೆ ಇರುವುದು ಬುಗಿಸ್ ಎಂಬ ಪೇಟೆಯ ಪಕ್ಕದಲ್ಲಿ. ಹಿಂದಿನ ಸಲ ಅಲ್ಲಿಯ ಮಾಲುಗಳಲ್ಲಿ ಸುತ್ತಿ ಸುತ್ತಿ ಕಾಲು ಸೋತು ಕೊನೆಗೆ ಪಿಜ್ಜಾ ತಿಂದು ಬಂದೆವು. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆದರೂ ಆ ಊರಿನವರು ಉಣ್ಣುವುದನ್ನೇ ಉಣ್ಣಬೇಕೆಂಬ ಆಸೆಯಿದೆ. ಅದು ಸಾಧ್ಯವೇ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಖಂಡಿತ ಸಾಧ್ಯ. ನೀವು ಹುಡುಕಿದ ಜಾಗ ಮಾತ್ರ ಸರಿಯಿರಲಿಲ್ಲ. ಪರಊರಿನವರೊಬ್ಬರು ಮೈಸೂರಿಗೆ ಬಂದು, ದೇವರಾಜ ಅರಸು ರಸ್ತೆಯ ಗಾಜಿನ ಬಾಗಿಲಿನ ಅಂಗಡಿಗಳ ನಡುವೆ ಮೈಲಾರಿ ದೋಸೆ ಎಲ್ಲಿ ಎಂದು ಅಲೆದಾಡಿದರೆ, ನಾವು ಅವರನ್ನು ನಜರಬಾದಿಗೆ ಕಳಿಸುತ್ತೇವೆ. ಬೆಳಿಗ್ಗೆಯೇ ಹೋಗಿ ಎಂದೂ ಸೇರಿಸುತ್ತೇವೆ. ಬುಗಿಸ್‌ನಲ್ಲೂ ಅಷ್ಟೇ, ಬಟ್ಟೆ ಕೊಳ್ಳುವ ಬೀದಿ ಒಂದು, ಬಟ್ಟೆ ಮಾರುವವರು ಉಣ್ಣುವ ಬೀದಿ ಇನ್ನೊಂದು.

ಬುಗಿಸ್ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದರೆ ವಿಕ್ಟೋರಿಯಾ ರಸ್ತೆ ಸಿಗುತ್ತದೆ. ಒಂದು ಬದಿಗೆ ಮಾಲು, ಎದುರು ಬದಿಗೆ ಅಗ್ಗದ ಅಂಗಿ, ಚಪ್ಪಲಿ, ಹಣ್ಣಿನ ರಸಗಳ ಇಕ್ಕಟ್ಟಾದ ಬುಗಿಸ್ ಬೀದಿ. ಆ ಬೀದಿಯೊಳಗೆ ನಿಲ್ಲದೆ ಆಚೆ ಬದಿಗೆ ಹೊರಬಿದ್ದು ವಾಟರ್‌ಲೂ ಬೀದಿಗೆ ನಡೆಯಿರಿ. ವಾಹನಗಳಿಲ್ಲದ ಆ ಬೀದಿಯಲ್ಲಿ ಹೂವಿನವರು ತಾವರೆ ಮೊಗ್ಗು ಮಾರುತ್ತಿರುತ್ತಾರೆ. ಅಲ್ಲಿರುವುದು 1884ರಲ್ಲಿ ಆರಂಭವಾದ ಕ್ವಾನ್ ಇಮ್ ದೇವಾಲಯ. ನಮ್ಮ ಬೌದ್ಧರ ಅವಲೋಕಿತೇಶ್ವರನನ್ನೇ ಚೀನೀಯರು ಕರುಣೆಯ ತಾಯಿಯಾಗಿ ಅಲ್ಲಿ ಪೂಜಿಸುತ್ತಾರೆ. ಪಕ್ಕದಲ್ಲೇ ಶ್ರೀಕೃಷ್ಣನ ಗುಡಿಯಿದೆ, ತಾಯಿಗೆ ಕೈಮುಗಿದ ಚೀನೀ ಭಕ್ತರು ಹಾಗೆಯೇ ಬಂದು ಕೃಷ್ಣನ ಮುಂದೆಯೂ ಊದುಬತ್ತಿ ಹಚ್ಚುತ್ತಾರೆ.

ಊಟದ ಪ್ರಶ್ನೆಗೆ ಗುಡಿಯ ಮಾತೇಕೆಂದರೆ, ಕ್ವಾನ್ ಇಮ್ ಭಕ್ತರಲ್ಲಿ ಅನೇಕರು ಚಾಂದ್ರಮಾನ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ ಮಾಂಸ ಬಿಡುತ್ತಾರೆ. ನಮ್ಮಲ್ಲಿ ಸೋಮವಾರ, ಶನಿವಾರ ಬಾಡು ಮುಟ್ಟದವರಿಲ್ಲವೇ, ಹಾಗೆ. ಅದರಿಂದಾಗಿ ಗುಡಿಯ ಸುತ್ತಲಿನ ಪೇಟೆಯಲ್ಲಿ ಚೀನೀ ಸಸ್ಯಾಹಾರ ಬೇರೂರಿದೆ. ಹತ್ತಿರದ ಮಿಡಲ್ ರಸ್ತೆಯ ಫಾರ್ಚೂನ್ ಸೆಂಟರ್ ಎಂಬ ಹಳೆಯ ಕಟ್ಟಡದ ಕೆಳ ಮಹಡಿಗಳಲ್ಲಿ ಸಸ್ಯಾಹಾರದ ಅಂಗಡಿಗಳು ಒತ್ತೊತ್ತಾಗಿವೆ. ಹೊರಗಿನಿಂದ ನೋಡಿದರೆ ಒಳಗೆ ಊಟ ಸಿಗುತ್ತದೆಂದು ಯಾರೂ ಎಣಿಸುವುದಿಲ್ಲ. ಕ್ವೀನ್ ಬೀದಿಯ ಆಲ್ಬರ್ಟ್ ಸೆಂಟರ್‌ನಲ್ಲಿ ತರಕಾರಿ ಮಾರುಕಟ್ಟೆಯೊಂದಿಗೆ ಸಾಲು ಸಾಲು ಊಟದ ಮಳಿಗೆಗಳೂ ಇವೆ. ಬೀದಿ ಬದಿಯ ತಿಂಡಿ ಗಾಡಿಗಳನ್ನು ಸರ್ಕಾರವೇ ನಲ್ಲಿ ನೀರು, ಸೂರು ಕೊಟ್ಟು ಒಳಗೆ ಸೇರಿಸಿದ ಇಂತಹ ಜಾಗಗಳಿಗೆ ಹಾಕರ್ ಸೆಂಟರ್ ಎನ್ನುತ್ತಾರೆ. ಈ ಸಂಸ್ಕೃತಿಗೆ 2020ರಲ್ಲಿ ಯುನೆಸ್ಕೊ ಮನ್ನಣೆಯೂ ದೊರೆತಿದೆ.

ಏನು ತಿನ್ನಬೇಕು? ಬೆಳಗಿನ ಹೊತ್ತಾದರೆ ಸಸ್ಯಾಹಾರಿ ಬೀ ಹೂನ್. ಅದು ಅಕ್ಕಿ ಶಾವಿಗೆಯೇ. ನಮ್ಮ ಒತ್ತುಶಾವಿಗೆಯ ರುಚಿಯನ್ನು ಮಾತ್ರ ನಿರೀಕ್ಷಿಸಬೇಡಿ, ಸೋಯಾ ಸಾಸಿನಲ್ಲಿ ಬಾಡಿಸಿ, ಎಲೆಕೋಸು, ಕರಿದ ಸೋಯಾ ಹಾಳೆಗಳೊಂದಿಗೆ ಕೊಡುತ್ತಾರೆ. ಮಧ್ಯಾಹ್ನಕ್ಕೆ ನನ್ನ ಆಯ್ಕೆ ಲೇ ಚಾ. ಇದು ಹಾಕ್ಕಾ ಎಂಬ ಚೀನೀ ಜನರ ಊಟ. ಅನ್ನದ ಮೇಲೆ ಸಣ್ಣಗೆ ಹೆಚ್ಚಿದ ಮೂರು ನಾಲ್ಕು ಬಗೆಯ ಸೊಪ್ಪು ಕಾಯಿ, ತೋಫು, ಹುರಿದ ಕಡಲೆಕಾಯಿ ಬೀಜ; ಪಕ್ಕದ ಬಟ್ಟಲಲ್ಲಿ ಚಹಾ ಎಲೆ, ಪುದೀನ, ಎಳ್ಳು ಅರೆದು ಬಿಸಿನೀರು ಬೆರೆಸಿದ ಹಸಿರು ಸಾರು. ಸಾರನ್ನು ಸುರಿದು ಕಲಸಿದರೆ ಮೊದಲ ತುತ್ತು ಒಗರು, ಮೂರನೆಯ ತುತ್ತಿಗೆ ನಾಲಗೆ ಒಪ್ಪಿಕೊಳ್ಳುತ್ತದೆ. ಸಾಮಾನ್ಯ ಅಂಗಡಿಗಳಲ್ಲಿ ಇದರ ಮೇಲೆ ಒಣ ನೆತ್ತಲಿ ಮೀನು ಉದುರಿಸುವುದುಂಟು, ಆದ್ದರಿಂದ ಸಸ್ಯಾಹಾರದ ಅಂಗಡಿಯಲ್ಲೇ ಕೇಳಿ. ಶ್ರದ್ಧೆಯ ಬೌದ್ಧ ಅಡುಗೆಯಲ್ಲಿ ನಮ್ಮ ಮಡಿ ಅಡುಗೆಯಂತೆಯೇ ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ. ಮೊಟ್ಟೆಯನ್ನು ಮಾತ್ರ ಕೆಲವರು ಬಳಸುತ್ತಾರಾದ್ದರಿಂದ ಬೇಡವೆಂದು ಮೊದಲೇ ಹೇಳಬೇಕು. ಸೋಯಾ, ಗೋಧಿಯ ಅಂಟಿನಿಂದ ಮಾಡಿದ ತುಂಡುಗಳು ಥೇಟ್ ಮಾಂಸದಂತೆಯೇ ಕಾಣುತ್ತವೆ, ನಿಮ್ಮ ಯಜಮಾನರು ಗಾಬರಿಯಾಗದಂತೆ ಮುಂಚೆಯೇ ತಿಳಿಸಿಡಿ.

ಹೆಸರನ್ನು ನಂಬಿ ಮೋಸಹೋಗಬೇಡಿ. ನಾನೇ ಒಮ್ಮೆ ಫಲಕದಲ್ಲಿ ‘ಕ್ಯಾರೆಟ್ ಕೇಕ್’ ಎಂಬುದನ್ನು ಓದಿ, ಸಿಹಿಯೆಂದು ತಿಳಿದು ಹಣ ಕೊಟ್ಟೆ. ಬಂದದ್ದು ಬಿಳಿ ಮೂಲಂಗಿ ತುರಿಯನ್ನು ಅಕ್ಕಿ ಹಿಟ್ಟಿನಲ್ಲಿ ಕಲಸಿ, ಬೇಯಿಸಿ, ತುಂಡು ಮಾಡಿ, ಮೊಟ್ಟೆಯೊಡೆದು ಹುರಿದ ಖಾರದ ತಟ್ಟೆ. ಚೀನೀ ಮಾತಿನಲ್ಲಿ ಮೂಲಂಗಿಗೂ ಕ್ಯಾರೆಟ್ಟಿಗೂ ಒಂದೇ ಮೂಲ ಹೆಸರಿರುವುದರಿಂದ ಈ ಎಡವಟ್ಟು. ಅದಕ್ಕಿಂತ ಜಾಣತನದಿಂದ ಅಡಗಿರುವುದು ಸಿಗಡಿ. ಲಕ್ಸಾದ ತೆಂಗಿನಹಾಲಿನ ಸಾರಿನಲ್ಲಿ, ನಾಸಿ ಲೆಮಾಕ್ ಅನ್ನದ ಜೊತೆಯ ಖಾರದಲ್ಲಿ, ಹಣ್ಣು ತರಕಾರಿಯ ರೋಜಾಕ್‌ನಲ್ಲಿ ಕೂಡ ಅದರ ಒಣಪುಡಿಯೋ ಹುದುಗಿಸಿದ ಗಟ್ಟಿಯೋ ಸೇರಿರುತ್ತದೆ. ‘ಮಾಂಸ ಬೇಡ’ ಎಂದರೆ ಅವರು ಕೋಳಿ, ಹಂದಿಯನ್ನಷ್ಟೇ ಬಿಡುತ್ತಾರೆ, ಸಿಗಡಿ ಅವರ ಲೆಕ್ಕದಲ್ಲಿ ಮಾಂಸವಲ್ಲ. ಚೀನೀ ಭಾಷೆಯಲ್ಲಿ ಸಸ್ಯಾಹಾರವನ್ನು ಸೂಚಿಸುವ ‘ಸು’ ಎಂಬ ಅಕ್ಷರದ ಚಿತ್ರವನ್ನು ಮಗಳಿಂದ ಫೋನಿಗೆ ಹಾಕಿಸಿಕೊಂಡು, ಫಲಕದಲ್ಲಿ ಅದಿರುವ ಅಂಗಡಿಯ ಮುಂದೆ ನಿಲ್ಲುವುದೇ ಸುಲಭ.

ನಾಲ್ಕೈದು ದಿನಗಳಾದ ಮೇಲೆ ದೋಸೆಯ ನೆನಪಾದರೆ ನೀಲಿ ಮಾರ್ಗದ ಮೆಟ್ರೊದಲ್ಲಿ ಎರಡೇ ನಿಲ್ದಾಣ ದೂರದ ಲಿಟಲ್ ಇಂಡಿಯಾಕ್ಕೆ ಹೋಗಿ. ಅಲ್ಲಿ ಅದರ ಹೆಸರು ‘ತೋಸೈ’. ತಲೆಮಾರುಗಳಿಂದ ಅಲ್ಲಿ ಹುಯ್ಯುತ್ತಿರುವ ದೋಸೆಯನ್ನು ಆ ಊರಿನದಲ್ಲವೆನ್ನಲು ನನಗಂತೂ ಮನಸ್ಸಿಲ್ಲ.

ಪ್ರಶ್ನೆ: ಅದೇ ಬುಗಿಸ್ ಪೇಟೆಯಲ್ಲಿ ಕಚೇರಿ ಕೆಲಸದ ಮೇಲೆ ಮೂರು ದಿನ ಇರಬೇಕಾಗಿದೆ. ನಾನು ಬಾಡೂಟದವನು, ಆದರೆ ದನ, ಹಂದಿ ಎರಡೂ ಆಗುವುದಿಲ್ಲ. ಏನು ತಿನ್ನಲಿ, ಹಾಕರ್ ಸೆಂಟರಿನಲ್ಲಿ ನಡೆದುಕೊಳ್ಳುವುದು ಹೇಗೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮಲಯ್ ಭಾಷೆಯ ನಾಲ್ಕು ಪದಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಆಯಾಮ್ ಎಂದರೆ ಕೋಳಿ, ಕಂಬಿಂಗ್ ಎಂದರೆ ಮೇಕೆ, ಲೆಂಬು ಎಂದರೆ ದನ, ಬಾಬಿ ಎಂದರೆ ಹಂದಿ. ಮೊದಲ ದಿನ ಹೈನಾನ್ ಕೋಳಿ ಅನ್ನ ತಿನ್ನಿ. ನಾಟಿಕೋಳಿ ಸಾರಿಗೆ ಒಗ್ಗಿದ ಕಣ್ಣಿಗೆ ಆ ಬೆಳ್ಳಗಿನ, ಉಗುರುಬೆಚ್ಚಗಿನ ಕೋಳಿ ತುಂಡುಗಳು ಸಪ್ಪೆಯಾಗಿ ಕಾಣುತ್ತವೆ. ಅಲ್ಲಿ ರುಚಿಯಿರುವುದು ಕೋಳಿಯ ಕೊಬ್ಬಿನಲ್ಲಿ ಹುರಿದು, ಅದರದೇ ಕಟ್ಟಿನಲ್ಲಿ ಶುಂಠಿ ಬೆಳ್ಳುಳ್ಳಿ ಹಾಕಿ ಬೇಯಿಸಿದ ಅನ್ನದಲ್ಲಿ. ಮೊದಲು ಅನ್ನವನ್ನಷ್ಟೇ ಬಾಯಿಗಿಟ್ಟು ನೋಡಿ, ಆಮೇಲೆ ಖಾರದ ಚಟ್ನಿ ಬೆರೆಸಿ. ಇನ್ನೊಂದು ಸಂಜೆ ನಡೆದೇ ಹೋಗಬಹುದಾದ ಸುಲ್ತಾನ್ ಮಸೀದಿಯ ಸುತ್ತಲಿನ ಕಂಪೊಂಗ್ ಗ್ಲಾಮ್‌ಗೆ ಹೋದರೆ, ಕೈಮಾ ತುಂಬಿ ಮಡಿಚಿ ಬೇಯಿಸುವ ಮುರ್ತಬಾಕ್ ಎಂಬ ರೊಟ್ಟಿ ಸಿಗುತ್ತದೆ. ಅಲ್ಲಿ ಹಂದಿಯ ಭಯವಿಲ್ಲ. ಕೈಮಾ ಯಾವುದರದು ಎಂಬುದನ್ನು ಮಾತ್ರ ಕೇಳಿಕೊಳ್ಳಬೇಕು. ಸಿಹಿಗೆ ಓಂದೆ ಓಂದೆ ಬಿಡಬೇಡಿ. ಅಂಟಕ್ಕಿ ಹಿಟ್ಟಿನ ಪುಟ್ಟ ಹಸಿರುಂಡೆ, ಮೇಲೆ ಕಾಯಿತುರಿ. ಕಚ್ಚಿದೊಡನೆ ಒಳಗಿನ ಕರಗಿದ ತಾಳೆಬೆಲ್ಲ ಚಿಮ್ಮುತ್ತದೆ. ಇಡಿಯಾಗಿ ಬಾಯಿಗೆ ಹಾಕಿಕೊಳ್ಳದಿದ್ದರೆ ಅಂಗಿ ಹಾಳು. ಬೆಲ್ಲದ ಸೀಮೆಯವರಾದ ನೀವು ಆ ಬೆಲ್ಲಕ್ಕೆ ಎಷ್ಟು ಅಂಕ ಕೊಡುತ್ತೀರೋ ನನಗೂ ಕುತೂಹಲವಿದೆ.

ನಡೆದುಕೊಳ್ಳುವ ರೀತಿ ಕಷ್ಟದ್ದಲ್ಲ. ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಮಾತ್ರ ಬಿದ್ದಿದ್ದರೆ ಅದು ಯಾರೋ ಮರೆತದ್ದಲ್ಲ, ನಾವು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ತಿಂದಾದ ಮೇಲೆ ತಟ್ಟೆಯನ್ನು ತಾವೇ ಒಯ್ದು ಕಪಾಟಿನಲ್ಲಿಡುವುದು 2021ರಿಂದ ಕಡ್ಡಾಯವಾಗಿದೆ. ಹಲಾಲ್ ತಟ್ಟೆಗಳಿಗೆ ಬೇರೆ ಕಪಾಟು ಇರುತ್ತದೆ, ಅದನ್ನು ನೋಡಿ ಇಡಿ. ಉದ್ದದ ಸಾಲಿರುವ ಅಂಗಡಿಯನ್ನೇ ಆರಿಸಿ, ಆದರೆ ಕೈಯಲ್ಲಿ ಫೋನೆತ್ತಿ ಚಿತ್ರ ತೆಗೆಯುವವರ ಸಾಲಿಗಿಂತ ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ನೇತುಹಾಕಿಕೊಂಡವರ ಸಾಲು ಮೇಲು. ಕೆಲವು ಒಳ್ಳೆಯ ಅಂಗಡಿಗಳು ಮಧ್ಯಾಹ್ನ ಎರಡರ ಹೊತ್ತಿಗೆ ಪಾತ್ರೆ ತೊಳೆದು ಮುಗಿಸಿರುತ್ತವೆ.

ಪ್ರಶ್ನೆ: ಅಲ್ಲಿ ಒಳ್ಳೆಯ ಕಾಫಿ ಸಿಗುತ್ತದೆಯೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಸಿಗುತ್ತದೆ, ನಮ್ಮ ಫಿಲ್ಟರ್ ಕಾಫಿಯ ರುಚಿಯಲ್ಲಲ್ಲ. ಹೆಸರು ‘ಕೋಪಿ’, ನಮ್ಮ ಹಿರಿಯರ ‘ಕಾಪಿ’ಗೆ ನೆಂಟಸ್ತನವಿರುವಂತೆ ಕೇಳಿಸುತ್ತದೆ. ಸಕ್ಕರೆ, ಬೆಣ್ಣೆಯ ಜೊತೆ ಕಪ್ಪಗೆ ಹುರಿದ ಬೀಜದ ಪುಡಿಯನ್ನು ಕಾಲುಚೀಲದಂತಹ ಬಟ್ಟೆಯ ಸೋಸುಚೀಲಕ್ಕೆ ಹಾಕಿ, ಉದ್ದ ಮೂತಿಯ ತಗಡಿನ ಕೆಟಲ್‌ನಿಂದ ಕುದಿನೀರು ಸುರಿಯುತ್ತಾರೆ. ಬರೀ ಕೋಪಿ ಎಂದರೆ ಮಂದಗೊಳಿಸಿದ ಸಿಹಿ ಹಾಲು ಹಾಕುತ್ತಾರೆ, ಅದು ನಮಗೆ ಪಾಯಸವೇ ಸರಿ. ‘ಕೋಪಿ ಸಿ ಕೊಸೊಂಗ್’ ಎಂದು ಕೇಳಿದರೆ ಸಿಹಿಯಿಲ್ಲದ ಗಟ್ಟಿ ಹಾಲಿನ ಕಾಫಿ ಬರುತ್ತದೆ; ಸಕ್ಕರೆಯನ್ನು ನೀವೇ ಬೇಕಾದಷ್ಟು ಬೆರೆಸಿಕೊಳ್ಳಬಹುದು.