ಸಮಾಜಶಾಸ್ತ್ರದಲ್ಲಿ ಎಂ.ಎ.: ಓದು, ನೌಕರಿ ಮತ್ತು ನಮ್ಮ ಜಿಲ್ಲೆಗಳು

ಪ್ರಶ್ನೆ: ನಾನು ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನವಳು. ಈ ವರ್ಷ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದೇನೆ. ಸಮಾಜಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿವೆ, ಆ ವಿಷಯವೇ ನನಗೆ ಇಷ್ಟ. ಆದರೆ ಮನೆಯಲ್ಲಿ ‘ಎಂ.ಎ. ಮಾಡಿ ಏನ್ ಮಾಡ್ತಿ, ಬಿ.ಇಡಿ. ಮಾಡಿದ್ರ ಟೀಚರ್ ನೌಕರಿನಾದ್ರೂ ಸಿಗ್ತದ’ ಎನ್ನುತ್ತಾರೆ. ಗೆಳತಿಯರು ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರು ಎನ್ನುತ್ತಾರೆ. ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ನಾನು ಯಾವುದನ್ನು ಆಯ್ದುಕೊಳ್ಳಬೇಕು? ಎಲ್ಲಿ ಓದಬೇಕು?
– ಓದುಗರು, ಮಾನ್ವಿ ತಾಲ್ಲೂಕು

ಉತ್ತರ: ನಿಮ್ಮ ಮನೆಯವರ ಆತಂಕ ನ್ಯಾಯವಾದದ್ದು, ಅದನ್ನು ಬದಿಗಿಟ್ಟು ನಾನು ಉತ್ತರ ಹೇಳಲಾರೆ. ಸಮಾಜಶಾಸ್ತ್ರದ ಎಂ.ಎ. ಪದವಿಗೆಂದೇ ನೇರವಾಗಿ ಮೀಸಲಾದ ಹುದ್ದೆ ಎಂದರೆ ಬೋಧನೆಯೊಂದೇ. ಉಳಿದ ಕಡೆಗಳಲ್ಲೆಲ್ಲ ಈ ಪದವಿ ನಿಮ್ಮನ್ನು ಅರ್ಜಿ ಹಾಕುವಷ್ಟಕ್ಕೆ ಅರ್ಹರನ್ನಾಗಿ ಮಾಡುತ್ತದೆ, ಆಯ್ಕೆಯಾಗುವುದು ಮಾತ್ರ ಆ ಎರಡು ವರ್ಷಗಳಲ್ಲಿ ನೀವು ಏನನ್ನು ಕಲಿತಿರಿ ಎಂಬುದರ ಮೇಲೆ ನಿಂತಿರುತ್ತದೆ. ಆದ್ದರಿಂದ ಎಂ.ಎ. ಸೇರುವ ಮೊದಲೇ, ಮುಗಿದ ಮೇಲೆ ಯಾವ ಬಾಗಿಲನ್ನು ತಟ್ಟಬೇಕೆಂದಿದ್ದೀರಿ ಎಂಬುದನ್ನು ಸ್ಥೂಲವಾಗಿಯಾದರೂ ನಿರ್ಧರಿಸಿಕೊಳ್ಳಿ.

ಮೊದಲು ಬೋಧನೆಯ ದಾರಿಯನ್ನು ನೋಡೋಣ. ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಇಡಿ. ಬೇಕು. ಕಲಾ ವಿಭಾಗ ಇರುವ ಪಿಯು ಕಾಲೇಜುಗಳಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದೊಂದಿಗೆ ಸಮಾಜಶಾಸ್ತ್ರ ಸೇರಿದ ಎಚ್‌ಇಪಿಎಸ್ ಸಂಯೋಜನೆ ನಮ್ಮ ಭಾಗದಲ್ಲಿ ಬಹಳ ಸಾಮಾನ್ಯವಾದ್ದರಿಂದ ಈ ವಿಷಯಕ್ಕೆ ಉಪನ್ಯಾಸಕರ ಅಗತ್ಯ ಇದ್ದೇ ಇದೆ. ಪದವಿ ಕಾಲೇಜು ಅಥವಾ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬಿ.ಇಡಿ. ಬೇಕಿಲ್ಲ, ಎಂ.ಎ.ಯಲ್ಲಿ ಕನಿಷ್ಠ ಶೇ 55 ಅಂಕ (ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಹಾಗೂ ಅಂಗವಿಕಲ ಅಭ್ಯರ್ಥಿಗಳಿಗೆ ಶೇ 50) ಮತ್ತು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ರಾಜ್ಯಮಟ್ಟದ ಕೆ–ಸೆಟ್ ಅರ್ಹತೆ ಬೇಕು. 2023ರ ಜುಲೈನಿಂದ ಈ ಹುದ್ದೆಗೆ ಪಿಎಚ್‌.ಡಿ. ಕಡ್ಡಾಯವಲ್ಲ. ಯುಜಿಸಿ ವೇತನ ಶ್ರೇಣಿಯಲ್ಲಿ ಮೂಲ ವೇತನ 57,700 ರೂಪಾಯಿಯಿಂದ ಆರಂಭವಾಗುತ್ತದೆ.

ಇದರ ಇನ್ನೊಂದು ಮುಖವನ್ನೂ ನೀವು ತಿಳಿದಿರಬೇಕು. ಕಾಯಂ ಹುದ್ದೆಗಳ ನೇಮಕಾತಿ ವರ್ಷ ವರ್ಷ ನಡೆಯುವುದಿಲ್ಲ. ಒಂದು ಅಧಿಸೂಚನೆಗೂ ಮತ್ತೊಂದಕ್ಕೂ ನಡುವೆ ಹಲವು ವರ್ಷಗಳೇ ಕಳೆಯುತ್ತವೆ. ಆ ಅವಧಿಯಲ್ಲಿ ಪಾಠದ ದೊಡ್ಡ ಪಾಲನ್ನು ಹೊರುವವರು ಅತಿಥಿ ಉಪನ್ಯಾಸಕರು. ಕಾರ್ಯಭಾರ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿಯಲ್ಲಿ ಹತ್ತಾರು ವರ್ಷ ಕಳೆದ ಪ್ರತಿಭಾವಂತರನ್ನು ನಾನು ಕಂಡಿದ್ದೇನೆ. ಅತಿಥಿ ಉಪನ್ಯಾಸಕ ಕೆಲಸವನ್ನು ಅನುಭವಕ್ಕಾಗಿ ಒಂದೆರಡು ವರ್ಷ ಮಾಡಿ, ಆದರೆ ಅದನ್ನೇ ಗುರಿಯಾಗಿಟ್ಟುಕೊಂಡು ಎಂ.ಎ. ಸೇರಬೇಡಿ ಎಂದು ನಾನು ಖಡಾಖಂಡಿತವಾಗಿಯೇ ಹೇಳುತ್ತೇನೆ.

ಹಾಗಾದರೆ ಬಿ.ಇಡಿ. ಮೊದಲೋ, ಎಂ.ಎ. ಮೊದಲೋ? ಮನೆಯ ಪರಿಸ್ಥಿತಿ ತಕ್ಷಣದ ಸಂಪಾದನೆಯನ್ನು ಬೇಡುತ್ತಿದ್ದರೆ ಬಿ.ಇಡಿ. ಮೊದಲು ಮಾಡುವುದರಲ್ಲಿ ತಪ್ಪಿಲ್ಲ. ಇನ್ನು ನಾಲ್ಕು ವರ್ಷ ಓದಲು ಮನೆಯವರು ಒಪ್ಪುವುದಾದರೆ ಎಂ.ಎ. ಮೊದಲು ಎಂಬುದು ನನ್ನ ಅಭಿಪ್ರಾಯ. ಎಂ.ಎ. ಕೊನೆಯ ವರ್ಷದಲ್ಲಿರುವಾಗಲೇ ನೆಟ್‌ಗೆ ಅರ್ಜಿ ಹಾಕಬಹುದು. ವಿಷಯ ಮನಸ್ಸಿನಲ್ಲಿ ಹಸಿಯಾಗಿರುವಾಗ ಬರೆಯುವ ಪರೀಕ್ಷೆಯೇ ಬೇರೆ, ನಾಲ್ಕು ವರ್ಷ ಬಿಟ್ಟು ಬರೆಯುವುದೇ ಬೇರೆ. ಅದಾದ ಮೇಲೆ ಬಿ.ಇಡಿ. ಮಾಡಿದರೆ ಪಿಯು ಮತ್ತು ಪದವಿ, ಎರಡೂ ಹಂತಗಳ ಹುದ್ದೆಗಳಿಗೆ ನೀವು ಅರ್ಹರಾಗಿರುತ್ತೀರಿ.

ನೆಟ್ ಪರೀಕ್ಷೆಯ ಬಗ್ಗೆ ಕನ್ನಡ ಮಾಧ್ಯಮದವರಾದ ನಿಮಗೆ ವಿಶೇಷವಾಗಿ ಹೇಳಬೇಕಾದದ್ದಿದೆ. ಸಾಮಾನ್ಯ ಪತ್ರಿಕೆಯಲ್ಲಿ 50, ಸಮಾಜಶಾಸ್ತ್ರ ಪತ್ರಿಕೆಯಲ್ಲಿ 100, ಹೀಗೆ ಮೂರು ಗಂಟೆಗಳಲ್ಲಿ 150 ಪ್ರಶ್ನೆಗಳು, ಒಟ್ಟು 300 ಅಂಕಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕೆ–ಸೆಟ್‌ನಲ್ಲಿ ಕನ್ನಡದಲ್ಲೂ ಪ್ರಶ್ನೆಗಳಿರುತ್ತವೆ. ಅದರ ಅರ್ಹತೆ ನಮ್ಮ ರಾಜ್ಯದೊಳಗಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಸಾಲುತ್ತದೆ. ಹಾಗೆಂದು ನೆಟ್ ಅನ್ನು ಕೈಬಿಡಬೇಡಿ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ದೊರೆತರೆ ಸಂಶೋಧನೆಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಫೆಲೋಶಿಪ್ ಬರುತ್ತದೆ. ಜೆಆರ್‌ಎಫ್‌ಗೆ ಸಾಮಾನ್ಯ ವಯೋಮಿತಿ 30 ವರ್ಷ. ಮಹಿಳೆಯರಿಗೆ ಐದು ವರ್ಷಗಳ ಸಡಿಲಿಕೆ ಇದೆ. ಎಂ.ಎ. ಉತ್ತರಗಳನ್ನು ಕನ್ನಡದಲ್ಲೇ ಬರೆಯಿರಿ, ಆದರೆ ಓದುವಾಗ ಪ್ರತಿಯೊಂದು ಪರಿಕಲ್ಪನೆಯ ಇಂಗ್ಲಿಷ್ ಹೆಸರನ್ನು ಪಕ್ಕದಲ್ಲೇ ಗುರುತು ಮಾಡಿಕೊಳ್ಳಿ. ಸಮಾಜಶಾಸ್ತ್ರದ ಮೂಲ ಚಿಂತಕರಾದ ಡರ್ಕೈಮ್, ವೆಬರ್, ಮಾರ್ಕ್ಸ್ ಏನು ಹೇಳಿದರೆಂದು ಕನ್ನಡದಲ್ಲಿ ಚೆನ್ನಾಗಿ ಬಲ್ಲ ವಿದ್ಯಾರ್ಥಿಗಳು ಪ್ರಶ್ನೆಯಲ್ಲಿರುವ ಒಂದು ಇಂಗ್ಲಿಷ್ ಪದ ತಿಳಿಯದೆ ಅಂಕ ಕಳೆದುಕೊಳ್ಳುವುದು ನೋಡಲು ಸಂಕಟವಾಗುತ್ತದೆ.

ಇನ್ನು ಈ ಎರಡು ವರ್ಷಗಳಲ್ಲಿ ಕಲಿಯಬೇಕಾದದ್ದೇನು ಎಂಬ ಮಾತಿಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ನಮ್ಮಲ್ಲಿ ಬಹಳಷ್ಟು ವಿದ್ಯಾರ್ಥಿಗಳು ಸಂಶೋಧನಾ ವಿಧಾನದ ಪತ್ರಿಕೆಯನ್ನು ನೋಟ್ಸ್ ಓದಿ ಪಾಸಾಗುತ್ತಾರೆ, ಕಿರುಪ್ರಬಂಧವನ್ನು ಹಿಂದಿನವರ ಪ್ರತಿ ನೋಡಿ ಬರೆದು ಮುಗಿಸುತ್ತಾರೆ. ವಾಸ್ತವದಲ್ಲಿ ತರಗತಿಯ ಹೊರಗೆ ಈ ಪದವಿಗೆ ಬೆಲೆ ತರುವುದೇ ಆ ಎರಡು.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ತಾಲ್ಲೂಕಿನ ಒಂದು ಹಳ್ಳಿಗೆ ಸಮೀಕ್ಷೆಗೆ ಹೋಗಿ ‘ಮನ್ಯಾಗ ಎಷ್ಟ್ ಮಂದಿ ಅದೀರಿ?’ ಎಂದು ಕೇಳಿದಿರಿ ಎಂದುಕೊಳ್ಳಿ. ಮುದುಕಿ ‘ಮೂರು ಮಂದಿ’ ಎನ್ನುತ್ತಾಳೆ. ಮಗ, ಸೊಸೆ ಮತ್ತು ಹಿರಿಯ ಮೊಮ್ಮಗ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಅವರನ್ನು ಆಕೆ ಲೆಕ್ಕಕ್ಕೆ ಹಿಡಿದಿಲ್ಲ. ಪಕ್ಕದ ಮನೆಯಲ್ಲಿ ಇದೇ ಪ್ರಶ್ನೆಗೆ, ಗುಳೆ ಹೋದವರನ್ನೂ ಸೇರಿಸಿ ‘ಏಳು ಮಂದಿ’ ಎನ್ನುತ್ತಾರೆ. ಎರಡೂ ಉತ್ತರಗಳು ಸುಳ್ಳಲ್ಲ, ಆದರೆ ಒಂದೇ ಕೋಷ್ಟಕದಲ್ಲಿ ಸೇರಿಸಿದರೆ ಇಡೀ ಕೋಷ್ಟಕವೇ ಸುಳ್ಳಾಗುತ್ತದೆ. ‘ಒಂದೇ ಒಲೆಯಲ್ಲಿ ಉಣ್ಣುವವರು’ ಎಂಬ ಜನಗಣತಿಯ ವ್ಯಾಖ್ಯೆ ಏಕಿದೆ, ವರ್ಷದ ಆರು ತಿಂಗಳು ಬೇರೆ ಊರಿನಲ್ಲಿ ಉಣ್ಣುವವರನ್ನು ಎಲ್ಲಿ ಸೇರಿಸಬೇಕು, ಪ್ರಶ್ನೆಯನ್ನು ಹೇಗೆ ಒಡೆದು ಕೇಳಬೇಕು ಎಂಬುದನ್ನು ಅಲ್ಲಿ ನಿಂತು ಯೋಚಿಸಿದವರಿಗೆ ಸಂಶೋಧನಾ ವಿಧಾನ ಅರ್ಥವಾಗುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಗೆಯ ಓಣಿಗಳಲ್ಲೂ ಹೀಗೆಯೇ. ಬಾಗಿಲಲ್ಲಿ ಕುಳಿತು ಪ್ಯಾಂಟುಗಳ ದಾರ ಕತ್ತರಿಸುತ್ತಿರುವ ಹೆಣ್ಣುಮಗಳನ್ನು ‘ಏನು ಕೆಲಸ ಮಾಡ್ತೀರಿ?’ ಎಂದು ಕೇಳಿದರೆ ‘ಏನಿಲ್ಲ, ಮನ್ಯಾಗ ಇರ್ತೀನಿ’ ಎನ್ನಬಹುದು. ‘ನಿನ್ನೆ ಎಷ್ಟು ಪೀಸ್ ಆಯ್ತು?’ ಎಂದು ಕೇಳಿದರೆ ಲೆಕ್ಕ ಹೊರಬರುತ್ತದೆ. ಸಂಶೋಧನಾ ಸಂಸ್ಥೆಗಳೂ ಸ್ವಯಂಸೇವಾ ಸಂಸ್ಥೆಗಳೂ ಹುಡುಕುವುದು ಈ ವ್ಯತ್ಯಾಸ ತಿಳಿದವರನ್ನು.

ಕ್ಷೇತ್ರಕಾರ್ಯಕ್ಕೆ ನೀವು ದೂರ ಹೋಗಬೇಕಾಗಿಲ್ಲ. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸಮೀಪದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಕಂಡದ್ದರಿಂದಲೇ ‘ಪ್ರಬಲ ಜಾತಿ’ (ಜನಸಂಖ್ಯೆ, ಭೂಮಿಯ ಬಲದಿಂದ ಹಳ್ಳಿಯ ಮೇಲೆ ಹಿಡಿತವಿರುವ ಜಾತಿ) ಎಂಬ ಪರಿಕಲ್ಪನೆಯನ್ನು ಬೆಳೆಸಿದರು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ಭೂಮಿ ಕೊಂಡು ಕ್ಯಾಂಪುಗಳಲ್ಲಿ ನೆಲೆಸಿದವರ ನಡುವೆ, ಸಿಂಧನೂರು ಮತ್ತು ಗಂಗಾವತಿಯ ಹಳ್ಳಿಗಳಲ್ಲಿ ಆ ಪರಿಕಲ್ಪನೆ ಹೇಗೆ ನಿಲ್ಲುತ್ತದೆ ಎಂದು ಪರೀಕ್ಷಿಸುವ ಅವಕಾಶ ನಿಮಗಿದೆ. ಸಂಡೂರಿನ ಗಣಿಬಾಧಿತ ಹಳ್ಳಿಗಳಿವೆ, ಹಿಂದೂಗಳೂ ಮುಸ್ಲಿಮರೂ ಕೂಡಿ ಆಚರಿಸುವ ಮುದಗಲ್ಲಿನ ಮೊಹರಂ ಇದೆ, ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ಕಾಯ್ದೆಯ ನಂತರವೂ ಬದುಕು ಕಟ್ಟಿಕೊಳ್ಳಲು ಹೆಣಗುತ್ತಿರುವ ಮಾಜಿ ದೇವದಾಸಿ ಮಹಿಳೆಯರ ಮಕ್ಕಳ ಶಿಕ್ಷಣದ ಪ್ರಶ್ನೆ ಇದೆ. ಇವುಗಳಲ್ಲಿ ಒಂದನ್ನು ಹಿಡಿದು ಪ್ರಾಮಾಣಿಕವಾಗಿ ಬರೆದ ಅರವತ್ತು ಪುಟದ ಕಿರುಪ್ರಬಂಧ ಸಂದರ್ಶನದಲ್ಲಿ ನಿಮ್ಮ ಪರವಾಗಿ ಮಾತನಾಡುತ್ತದೆ.

ಬೋಧನೆಯ ಹೊರಗಿನ ಕೆಲಸಗಳ ಬಗ್ಗೆ ಈಗ ಹೇಳಬಹುದು. ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯದಂಥ ಯೋಜನೆಗಳ ಆಪ್ತಸಮಾಲೋಚಕ ಹುದ್ದೆಗಳಿಗೆ ಸಮಾಜಕಾರ್ಯ, ಮನೋವಿಜ್ಞಾನದ ಜೊತೆ ಸಮಾಜಶಾಸ್ತ್ರ ಓದಿದವರನ್ನೂ ಪರಿಗಣಿಸುತ್ತಾರೆ. ಇವು ಹೆಚ್ಚಾಗಿ ಗುತ್ತಿಗೆ ಹುದ್ದೆಗಳು. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ವಿಧಿಸಿದೆ. ಆ ವರದಿಯನ್ನು ಪರಿಶೀಲಿಸುವ ತಜ್ಞರ ಗುಂಪಿನಲ್ಲಿ ಇಬ್ಬರು ಸರ್ಕಾರೇತರ ಸಮಾಜವಿಜ್ಞಾನಿಗಳಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಗಣಿಬಾಧಿತ ಪ್ರದೇಶಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನ, ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ವ್ಯಯಿಸಬೇಕಾದ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಕಾರ್ಯಕ್ರಮಗಳು ಬಳ್ಳಾರಿ ಜಿಲ್ಲೆಯಲ್ಲಿ ದೊಡ್ಡವೇ. ಅಲ್ಲಿ ಹಳ್ಳಿಯ ಅಗತ್ಯವನ್ನು ಸಮೀಕ್ಷೆ ಮಾಡಿ ವರದಿ ಬರೆಯಬಲ್ಲವರಿಗೆ ಕೆಲಸವಿದೆ.

ಎಂಎಸ್‌ಡಬ್ಲ್ಯು ವಿಷಯದಲ್ಲಿ ನಿಮ್ಮ ಗೆಳತಿಯರ ಮಾತನ್ನು ತಳ್ಳಿಹಾಕಬೇಡಿ. ನಿಮಗೆ ಜನರ ಜೊತೆ ಪ್ರತ್ಯಕ್ಷವಾಗಿ ಕೆಲಸ ಮಾಡುವ ಆಸೆ ಇದ್ದರೆ, ಆಸ್ಪತ್ರೆ, ಕಾರ್ಖಾನೆ, ಸ್ವಯಂಸೇವಾ ಸಂಸ್ಥೆಗಳೇ ನಿಮ್ಮ ಗುರಿಯಾಗಿದ್ದರೆ ಅದು ಹೆಚ್ಚು ನೇರವಾದ ದಾರಿ. ಕೆಲವು ಅಧಿಸೂಚನೆಗಳಲ್ಲಿ ಸಮಾಜಕಾರ್ಯದ ಪದವಿಯನ್ನಷ್ಟೇ ಕೇಳುತ್ತಾರೆ, ಅಲ್ಲಿ ಸಮಾಜಶಾಸ್ತ್ರದ ಎಂ.ಎ. ನಡೆಯುವುದಿಲ್ಲ. ಬೋಧನೆ, ಸಂಶೋಧನೆ ಅಥವಾ ನಾಗರಿಕ ಸೇವೆಯ ಪರೀಕ್ಷೆ ಮನಸ್ಸಿನಲ್ಲಿದ್ದರೆ ಸಮಾಜಶಾಸ್ತ್ರವೇ ಸರಿ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಸಮಾಜಶಾಸ್ತ್ರ ಐಚ್ಛಿಕ ವಿಷಯವಾಗಿದ್ದು, ಎರಡು ಪತ್ರಿಕೆಗಳಿಗೆ ಒಟ್ಟು 500 ಅಂಕಗಳಿವೆ, ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು. ನಿಮ್ಮ ಪತ್ರವನ್ನು ನೋಡಿದರೆ ನೀವು ಸಮಾಜಶಾಸ್ತ್ರವನ್ನೇ ಆರಿಸಿಕೊಳ್ಳಬೇಕೆಂದು ನನಗನ್ನಿಸುತ್ತದೆ.

ಎಲ್ಲಿ ಓದಬೇಕೆಂಬುದಕ್ಕೆ: ಬಳ್ಳಾರಿಯಲ್ಲಿ 2010ರಲ್ಲಿ ಆರಂಭವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ವಿಭಾಗವಿದೆ, ಕಲಬುರಗಿ, ಧಾರವಾಡಗಳ ವಿಭಾಗಗಳು ಹಳೆಯವು. ರಾಯಚೂರಿನವರಾದ ನಿಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ; ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗಕ್ಕೆ ಸಿಯುಇಟಿ–ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಪ್ರವೇಶ. ಇಂಗ್ಲಿಷ್‌ನಲ್ಲಿ ಓದಬೇಕಾಗುವುದರಿಂದ ಮೊದಲ ಸೆಮಿಸ್ಟರ್ ಕಷ್ಟವಾಗಬಹುದು, ಆದರೆ ಅಂಜಿಕೆಯಿಂದ ಅರ್ಜಿಯನ್ನೇ ಹಾಕದಿರಬೇಡಿ. ಎಲ್ಲಿಗೆ ಹೋದರೂ ವಿಭಾಗದಲ್ಲಿ ಕಾಯಂ ಅಧ್ಯಾಪಕರೆಷ್ಟು, ಕಿರುಪ್ರಬಂಧ ಇದೆಯೇ, ಗ್ರಂಥಾಲಯ ಸಂಜೆ ಎಷ್ಟರವರೆಗೆ ತೆರೆದಿರುತ್ತದೆ, ಹಾಸ್ಟೆಲ್ ಸಿಗುತ್ತದೆಯೇ ಎಂದು ಸದ್ಯ ಓದುತ್ತಿರುವವರನ್ನೇ ಕೇಳಿ ತಿಳಿಯಿರಿ.

ಕೊನೆಯದಾಗಿ, ಸಂವಿಧಾನದ 371 ಜೆ ವಿಧಿಯ ಅಡಿ ನಿಮಗಿರುವ ಹಕ್ಕು. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ ‘ಎ’ ಮತ್ತು ‘ಬಿ’ ಹುದ್ದೆಗಳಲ್ಲಿ ಶೇ 75, ‘ಸಿ’ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳಿವೆ. ಇದಕ್ಕೆ ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದ ಅರ್ಹತಾ ಪ್ರಮಾಣಪತ್ರ ಬೇಕು. ಅರ್ಜಿಯ ಕೊನೆಯ ವಾರದಲ್ಲಿ ಓಡಾಡುವ ಬದಲು ಈ ತಿಂಗಳೇ ಮಾಡಿಸಿಟ್ಟುಕೊಳ್ಳಿ.

ಪ್ರಶ್ನೆ: ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತೇನೆ. ವಯಸ್ಸು 34. ದೂರ ಶಿಕ್ಷಣದಲ್ಲಿ ಸಮಾಜಶಾಸ್ತ್ರ ಎಂ.ಎ. ಮಾಡಿದರೆ ಅದಕ್ಕೆ ಬೆಲೆ ಇದೆಯೇ?
– ಓದುಗರು, ಸಂಡೂರು ತಾಲ್ಲೂಕು

ಉತ್ತರ: ಇದೆ. ಯುಜಿಸಿ ಮಾನ್ಯತೆ ಪಡೆದ ದೂರ ಶಿಕ್ಷಣದ ಪದವಿ ತರಗತಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ ನಿಯಮವೇ ಹೇಳುತ್ತದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಈ ಕೋರ್ಸ್ ಇದೆ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲೂ ಇದೆ. ನೀವು ಸೇರುವ ವರ್ಷಕ್ಕೆ ಆ ಕೋರ್ಸಿನ ಮಾನ್ಯತೆ ಇದೆಯೇ ಎಂಬುದನ್ನು ಯುಜಿಸಿಯ ದೂರ ಶಿಕ್ಷಣ ಬ್ಯೂರೊದ ಪಟ್ಟಿಯಲ್ಲಿ ನೋಡಿದ ಮೇಲೆಯೇ ಶುಲ್ಕ ಕಟ್ಟಿ.

ಸಹಾಯಕ ಪ್ರಾಧ್ಯಾಪಕ ಅರ್ಹತೆಗಾಗಿ ನೆಟ್ ಬರೆಯಲು ವಯೋಮಿತಿ ಇಲ್ಲ. ಆದರೆ ಸರ್ಕಾರಿ ನೇಮಕಾತಿಗೆ ನಿಮ್ಮ ವರ್ಗಕ್ಕೆ ತಕ್ಕ ವಯೋಮಿತಿ ಇರುತ್ತದೆ. ಎಂ.ಎ. ಮುಗಿಯುವಾಗ ನಿಮಗೆ ಕನಿಷ್ಠ 36 ತುಂಬಿರುತ್ತದೆ ಎಂಬುದನ್ನು ಮುಂಚಿತವಾಗಿ ಲೆಕ್ಕ ಹಾಕಿ. ಈಗಿನ ಕೆಲಸ ಬಿಡಬೇಡಿ. ನಿಮ್ಮ ಕಾರ್ಖಾನೆಯ ಸಿಎಸ್‌ಆರ್ ಅಥವಾ ಕಾರ್ಮಿಕ ಕಲ್ಯಾಣ ವಿಭಾಗದಲ್ಲಿ ಒಳಗಿನವರಿಗೆ ಅವಕಾಶವಿದೆಯೇ, ಅಲ್ಲಿ ಯಾವ ಪದವಿಯನ್ನು ಒಪ್ಪುತ್ತಾರೆ ಎಂದು ಸಿಬ್ಬಂದಿ ವಿಭಾಗದಲ್ಲಿ ವಿಚಾರಿಸಿ. ಅಲ್ಲಿ ಎಂಎಸ್‌ಡಬ್ಲ್ಯು ಮಾತ್ರ ಒಪ್ಪುವುದಾದರೆ ನೀವು ಆರಿಸಿಕೊಳ್ಳಬೇಕಾದ ಕೋರ್ಸೇ ಬೇರೆಯಾಗುತ್ತದೆ. ಪಾಳಿಯ ನಡುವೆ ಓದುವವರಿಗೆ ಅಸೈನ್‌ಮೆಂಟುಗಳ ಕೊನೆಯ ದಿನಾಂಕಗಳೇ ದೊಡ್ಡ ತೊಡಕು, ಆದ್ದರಿಂದ ಮೊದಲ ವರ್ಷದ ವೇಳಾಪಟ್ಟಿ ಕೈಗೆ ಬಂದ ದಿನವೇ ಪರೀಕ್ಷೆಯ ವಾರಗಳಿಗೆ ರಜೆ ಕೇಳಿ ಬರೆದುಕೊಡಿ.